ಕಬ್ಬಿನವರು ಕಾಯ್ದ ಕಾಡು

ಇಲ್ಲಿ ಬರೆದು ತುಂಬಾ ದಿನ ಆಯ್ತು. ಕೆಲಸ, ಊರು, ದ್ರಾಕ್ಷಿ ಸುಗ್ಗಿ ಅಂತ ನೆಪಗಳು ಬೇಕಾದಷ್ಟಿವೆ, ಬಿಡಿ. ಆದರೆ ಕೆಲವು ದಿನಗಳಿಂದ ಒಂದು ವಿಷಯ ತಲೆಯೊಳಗೆ ಕೂತುಬಿಟ್ಟಿದೆ. ಬರೆದು ಇಳಿಸದೆ ಬೇರೆ ದಾರಿ ಇಲ್ಲ. ವಿಷಯ ಮಳೆಕಾಡಿನದ್ದು. "ಐಗಳಿಯವನಿಗೂ ಮಳೆಕಾಡಿಗೂ ಏನಪಾ ಸಂಬಂಧ?" ಅಂತ ನಮ್ಮ ಕಡೆಯವರು ಈಗಲೇ ನಗ್ತಿರಬೇಕು. ನಕ್ಕು ಮುಗಿಸಿ ಮುಂದೆ ಓದಿ :)

ಐಗಳಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬೆಳಗಾವಿ ಜಿಲ್ಲೆಯ ಅಥಣಿಯಿಂದ ವಿಜಯಪುರದ ರೋಡು ಹಿಡಿದರೆ ಐಗಳಿ ಕ್ರಾಸ್ ಸಿಗುತ್ತೆ. ಎತ್ತ ನೋಡಿದರೂ ಬಯಲು. ಘಟ್ಟ ದಾಟುವಾಗಲೇ ಮೋಡಗಳು ತಮ್ಮ ನೀರೆಲ್ಲ ಇಳಿಸಿಬಿಡ್ತವೆ, ನಮ್ಮಲ್ಲಿಗೆ ಬರುವಾಗ ಬರೀ ಗಾಳಿ. ವರ್ಷಕ್ಕೆ ಐನೂರು-ಆರುನೂರು ಮಿಲಿಮೀಟರ್ ಬಿದ್ದರೆ ಅದೇ ಒಳ್ಳೆ ವರ್ಷ. ಬಿಳಿಜೋಳ, ಕಡಲೆ, ನೀರಿದ್ದವರಿಗೆ ಕಬ್ಬು, ಧೈರ್ಯ ಇದ್ದವರಿಗೆ ದ್ರಾಕ್ಷಿ. ದ್ರಾಕ್ಷಿಯವರ ಪಾಡು ವಿಚಿತ್ರ ನೋಡಿ. ಬುಡಕ್ಕೆ ನೀರು ಬೇಕು, ಆದರೆ ಅಕ್ಟೋಬರ್ ಚಾಟಣಿ ಆದಮೇಲೆ ಮೇಲಿಂದ ಮಳೆ ಬೀಳಬಾರದು. ಬಿದ್ದರೆ ಹೂವು ಉದುರಿ, ರೋಗ ಬಿದ್ದು, ವರ್ಷದ ದುಡಿಮೆ ನೀರಲ್ಲಿ ಹೋಮ. 2003ರ ಬರದಲ್ಲಿ ಬೋರುಗಳು ಬತ್ತಿ, ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನಮ್ಮೂರಲ್ಲಿ ಮಳೆ ಅಂದರೆ ಹವಾಮಾನದ ಸುದ್ದಿ ಅಲ್ಲ, ಮನೆಯ ಲೆಕ್ಕ. ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ... ಒಂದೊಂದು ಮಳೆಯನ್ನೂ ಬೀಗರ ಹಾಗೆ ಹೆಸರು ಹಿಡಿದು ಕಾಯ್ತೀವಿ. ಬರದಿದ್ದರೆ ಹುಡುಗರು ತಲೆಮೇಲೆ ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ತಾರೆ.

ಈಗ ಒಂದು ದೊಡ್ಡ ಜಿಗಿತ. ವೆಸ್ಟ್ ಇಂಡೀಸಿಗೆ.

ಟ್ರಿನಿಡಾಡ್ ಮತ್ತು ಟೊಬೇಗೊ ಅಂದಕೂಡಲೇ ನಮಗೆ ನೆನಪಾಗೋದು ಬ್ರಿಯಾನ್ ಲಾರಾ. ಲಾರಾ ಟ್ರಿನಿಡಾಡಿನವನು. ಪಕ್ಕದ ಟೊಬೇಗೊ ಬಹಳ ಸಣ್ಣ ದ್ವೀಪ, ಹೆಚ್ಚುಕಮ್ಮಿ ಮುನ್ನೂರು ಚದರ ಕಿಲೋಮೀಟರ್. ಅದರ ಬೆನ್ನೆಲುಬಿನ ಹಾಗೆ ನಡುವೆ ಒಂದು ಗುಡ್ಡದ ಸಾಲು, ಅದರ ಮೇಲೆ ಮಳೆಕಾಡು. ಮೇನ್ ರಿಡ್ಜ್ ಅಂತ ಹೆಸರು. ಈ ಕಾಡನ್ನು ಕಡಿಯಬಾರದು ಅಂತ ಕಾಯ್ದೆ ಆದದ್ದು 1776ರ ಏಪ್ರಿಲ್ 13ಕ್ಕೆ. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಳ್ಳಲು ಇನ್ನೂ ಮೂರು ತಿಂಗಳು ಬಾಕಿ ಇತ್ತು. ನಮ್ಮಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರಾಲಿ ಆಳ್ತಿದ್ದ ಕಾಲ. ಭೂಮಿಯ ಆ ಅರ್ಧದಲ್ಲಿ ಕಾನೂನಿನಿಂದ ರಕ್ಷಣೆ ಪಡೆದ ಅತಿ ಹಳೆಯ ಕಾಡುಗಳಲ್ಲಿ ಇದೂ ಒಂದು.

ಹುಲಿಗಾಗಿ ಅಲ್ಲ, ಹಕ್ಕಿಗಾಗಿ ಅಲ್ಲ, ಗುಡ್ಡದ ಚೆಲುವಿಗಾಗಿಯೂ ಅಲ್ಲ. ಆ ಕಾಯ್ದೆ ಆದದ್ದು ಮಳೆಗಾಗಿ! ಯಾರಿಗೆ ಬೇಕಿತ್ತು ಆ ಮಳೆ? ಕಬ್ಬಿನವರಿಗೆ.

1763ರಲ್ಲಿ ಟೊಬೇಗೊ ಇಂಗ್ಲಿಷರ ಕೈಗೆ ಬಂತು. ತಪ್ಪಲಿನ ನೆಲವನ್ನೆಲ್ಲ ತುಂಡು ಮಾಡಿ ಕಬ್ಬಿನ ತೋಟ ಎಬ್ಬಿಸಲು ಹೊರಟರು. ಆಗ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಸೋಮ್ ಜೆನಿನ್ಸ್ ಅಂತ ಒಬ್ಬ ಸದಸ್ಯ. ಸ್ಟೀಫನ್ ಹೇಲ್ಸ್ ಅನ್ನೋ ವಿಜ್ಞಾನಿಯ ಪ್ರಭಾವ ಅವನ ಮೇಲಿತ್ತು. ಗಿಡಗಳು ಬೇರಿನಿಂದ ಎಷ್ಟು ನೀರು ಎಳೀತವೆ, ಎಲೆಯಿಂದ ಎಷ್ಟು ಆವಿ ಬಿಡ್ತವೆ ಅಂತ ಅಳೆದು 1727ರಲ್ಲೇ ಪುಸ್ತಕ ಮಾಡಿದ ಮನುಷ್ಯ ಈ ಹೇಲ್ಸ್. ಮರಕ್ಕೂ ಮಳೆಗೂ ನಂಟಿದೆ, ಗುಡ್ಡ ಬೋಳಾದರೆ ಕೆಳಗಿನ ಕಬ್ಬೂ ಒಣಗುತ್ತೆ ಅನ್ನೋದು ಜೆನಿನ್ಸನ ವಾದ. ಒಪ್ಪಿಸಲು ಅವನಿಗೆ ಹತ್ತು ವರ್ಷದ ಮೇಲೆ ಹಿಡೀತು. ಕೊನೆಗೆ ಮೇಲಿನ ಕಾಡು ಉಳೀತು.

ಈ ಕಥೆಯನ್ನು ಊರಿಗೆ ಹೋದಾಗ ನಮ್ಮ ಕಾಕಾಗೆ ಹೇಳಿದೆ. ಕಾಕಾ ಅಡಕೆ ಜಗಿಯೋದು ನಿಲ್ಲಿಸಿ ಕೇಳಿದರು: "ಅಲ್ಲೋ ತಮ್ಮಾ, ಮಳಿ ಬರಲೆಂತ ಗಿಡಾ ಉಳಸಾಕ ಕಾಯ್ದೆ ಮಾಡಿದ್ರಂತ? ನಾವು ಗುರ್ಜಿ ಆಡತೇವಿ, ಅವ್ರು ಕಾಯ್ದೆ ಮಾಡಿದ್ರು. ಯಾರು ಶ್ಯಾಣ್ಯಾರು, ನೀನ ಹೇಳ."

"ಅವ್ರ ಶ್ಯಾಣ್ಯಾತನ ಅವ್ರ ಕಬ್ಬಿಗೆ ಇತ್ರಿ ಕಾಕಾ," ಅಂದೆ. ಯಾಕಂದ್ರೆ ಆ ಕಬ್ಬಿನ ತೋಟಗಳಲ್ಲಿ ಬೆವರು ಸುರಿಸ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗುಡ್ಡದ ಮರಕ್ಕೆ ಕೊಡಲಿ ಹಾಕಬಾರದು ಅಂದ ಕಾನೂನು, ತೋಟದಲ್ಲಿ ಮನುಷ್ಯನ ಬೆನ್ನಿಗೆ ಬೀಳೋ ಚಾವಟಿಯ ಬಗ್ಗೆ ಏನೂ ಹೇಳಲಿಲ್ಲ. ಇದನ್ನೂ ಸೇರಿಸಿ ಹೇಳದಿದ್ದರೆ ಕಥೆ ಅರ್ಧ ಸುಳ್ಳಾಗುತ್ತೆ. ಕಾಡು ಉಳಿಸೋದು ಅಂದಕೂಡಲೇ ಉಳಿಸಿದವರು ದೇವರಾಗಿಬಿಡಲ್ಲ. ಲಾಭ ಯಾರಿಗೆ, ಬೆಲೆ ಕೊಟ್ಟವರು ಯಾರು ಅಂತ ಕೇಳಲೇಬೇಕು.

ಆಮೇಲೆ ಏನಾಯ್ತು ಗೊತ್ತಾ? ಹತ್ತೊಂಬತ್ತನೆಯ ಶತಮಾನ ಮುಗಿಯೋ ಹೊತ್ತಿಗೆ ಟೊಬೇಗೊದ ಕಬ್ಬಿನ ದಂಧೆ ಮುಳುಗಿತು. ಕಾಡು ಮಾತ್ರ ಇದೆ, ಸುಮಾರು ನಾಲ್ಕು ಸಾವಿರ ಹೆಕ್ಟೇರ್. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಅನ್ನೋ ಚಂಡಮಾರುತ ಬಂದು ಮರಗಳನ್ನೆಲ್ಲ ಮಲಗಿಸಿತು. ಅಲ್ಲಿನ ಒಂದು ಬಗೆಯ ಝೇಂಕಾರದ ಹಕ್ಕಿ ದ್ವೀಪದಿಂದಲೇ ಅಳಿದುಹೋಯ್ತು ಅಂದುಕೊಂಡಿದ್ದರು. 1974ರಲ್ಲಿ ಅದು ಮತ್ತೆ ಕಾಣಿಸಿತು. ಕಡಿಯದೆ ಬಿಟ್ಟ ಕಾಡು ಬಿದ್ದರೂ ತಾನೇ ಎದ್ದು ನಿಲ್ಲುತ್ತೆ.

ಇದನ್ನೆಲ್ಲ ಓದಿದಮೇಲೆ ನನಗೆ ಕಾಡಿದ್ದು ಒಂದೇ ಪ್ರಶ್ನೆ. ನಮ್ಮ ಮೇನ್ ರಿಡ್ಜ್ ಯಾವುದು?

ಹುಡುಕೋಕೆ ದೂರ ಹೋಗೋದು ಬೇಡ, ನಮ್ಮದೇ ಜಿಲ್ಲೆಯಲ್ಲಿ ಒಂದಿದೆ. ಖಾನಾಪುರ ತಾಲೂಕಿನ ಭೀಮಗಡ. 2011ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ವನ್ಯಜೀವಿ ಅಭಯಾರಣ್ಯ ಅಂತ ಘೋಷಿಸಿತು. 190.42 ಚದರ ಕಿಲೋಮೀಟರ್, ಅಂದರೆ ಟೊಬೇಗೊದ ಆ ಕಾಡಿನ ಹೆಚ್ಚುಕಮ್ಮಿ ಐದು ಪಟ್ಟು. ನಡುವೆ ಶಿವಾಜಿ ಕಾಲದ ಕೋಟೆ. ಅಭಯಾರಣ್ಯದ ಹೆಸರು ಬಂದದ್ದು ಅದರಿಂದಲೇ. ಗೋವಾದಲ್ಲಿ ಮಾಂಡೋವಿ ಅನ್ನಿಸಿಕೊಂಡು ಪಣಜಿಯ ಪಕ್ಕ ಸಮುದ್ರ ಸೇರೋ ಮಹದಾಯಿ ಹುಟ್ಟೋದು ಇಲ್ಲಿನ ದೇಗಾಂವ್ ಹತ್ತಿರ. ಅದೇ ಮಹದಾಯಿ, 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಡ್ತಲ್ಲ, ಅದು. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟೋ ಮಲಪ್ರಭೆ ಪೂರ್ವಕ್ಕೆ ಹರಿದು ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ಹುಬ್ಬಳ್ಳಿ-ಧಾರವಾಡದವರ ನಲ್ಲಿಗೆ ಬರುತ್ತೆ. ಹುಬ್ಬಳ್ಳಿಯ ಬ್ಲಾಗಿಗರೇ, ಇವತ್ತು ಬೆಳಿಗ್ಗೆ ನೀವು ಕುಡಿದ ಚಹಾ ಖಾನಾಪುರದ ಮಳೆ ಕಣ್ರೀ!

ಕಳೆದ ನವೆಂಬರಿನಲ್ಲಿ ಇಬ್ಬರು ಗೆಳೆಯರ ಜೊತೆ ಆ ಕಡೆ ಹೋಗಿಬಂದೆ. ಅಥಣಿಯಿಂದ ಚಿಕ್ಕೋಡಿ, ಬೆಳಗಾವಿ, ಖಾನಾಪುರ, ಅಲ್ಲಿಂದ ಹೆಮ್ಮಡಗಾ. ಅಥಣಿ ಬಿಡುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಧೂಳು ತಿಂತಾ ಹೊರಟವರು, ಸಂಜೆಗೆ ಬಿಸಿಲೇ ನೆಲ ಮುಟ್ಟದ ಜಾಗದಲ್ಲಿದ್ದೆವು. ಒಂದೇ ಜಿಲ್ಲೆ, ಒಬ್ಬರೇ ಜಿಲ್ಲಾಧಿಕಾರಿ! ಮಳೆ ನಿಂತು ತಿಂಗಳಾಗಿದ್ದರೂ ರಸ್ತೆ ಪಕ್ಕದ ಮಣ್ಣು ಕೈಯಲ್ಲಿ ಹಿಂಡಿದರೆ ನೀರು ಬರೋ ಹಾಗಿತ್ತು. ಹಳ್ಳಗಳು ಸದ್ದು ಮಾಡ್ತಾ ಹರೀತಿದ್ದವು. ನಮ್ಮ ಕಡೆ ಹಳ್ಳ ಅಂದರೆ ಮಳೆ ಬಿದ್ದ ದಿನ ಕೆಂಪಗೆ ಉಕ್ಕಿ, ಮಾರನೇ ದಿನ ಮರಳಾಗೋದು. ಇಲ್ಲಿ ನವೆಂಬರಿನಲ್ಲೂ ತಳದ ಕಲ್ಲು ಎಣಿಸುವಷ್ಟು ತಿಳಿ ನೀರು.

ಗೆಳೆಯನೊಬ್ಬ ಮೊಬೈಲಿನಲ್ಲಿ ಹಾರ್ನ್‌ಬಿಲ್ ಹಕ್ಕಿಯ ಫೋಟೋ ಹಿಡಿಯೋಕೆ ಅರ್ಧ ಗಂಟೆ ಕತ್ತೆತ್ತಿ ನಿಂತು, ಕೊನೆಗೆ ಸಿಕ್ಕಿದ್ದು ಬರೀ ಕೊಂಬೆ :) ಅಂದ ಹಾಗೆ ಈ ಕಾಡಿನ ಬಾರಾಪೇಡೆ ಗುಹೆಗಳ ಬಾವಲಿ ಜಗತ್ಪ್ರಸಿದ್ಧ. ರಾಟನ್ ಅನ್ನೋರ ಹೆಸರು ಹೊತ್ತ ಆ ಬಾವಲಿಯನ್ನು ವಿಜ್ಞಾನಿಗಳು 1913ರಲ್ಲಿ ಹೊಸ ಜಾತಿ ಅಂತ ಗುರುತಿಸಿದರು. ಆಮೇಲೆ ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ಭೂಮಿಯ ಮೇಲೆ ಅದಕ್ಕೆ ಗೊತ್ತಿದ್ದ ವಿಳಾಸ ಇದೊಂದೇ. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿದ್ದು 2000ದ ಆಸುಪಾಸಿನಲ್ಲಿ. ನಾವು ಗುಹೆಯ ಕಡೆ ಹೋಗಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ನೆಮ್ಮದಿಯಿಂದ ಇದ್ದವರ ಮನೆಗೆ ಟಾರ್ಚ್ ಹಿಡಿದು ಹೋಗೋದು ಬೇಡ ಅನ್ನಿಸ್ತು.

ಹೆಮ್ಮಡಗಾದ ಹತ್ತಿರ ಒಂದು ಚಹಾದಂಗಡಿ. ಅಲ್ಲಿ ಒಬ್ಬ ಅಜ್ಜ ಕೂತಿದ್ದರು. ಆ ಕಡೆ ಮಾತು ಮರಾಠಿ. ನಾವು ಗಡಿಯವರಾದ್ದರಿಂದ ಅದಕ್ಕೇನೂ ತೊಂದರೆ ಇಲ್ಲ. ಯಾವೂರು ಅಂತ ಕೇಳಿದರು, ಹೇಳಿದೆ. ನಿಮ್ಮಲ್ಲಿ ಮಳೆ ಎಷ್ಟು ಅಂದರು. ವರ್ಷದ ಲೆಕ್ಕ ಹೇಳಿದೆ. ಅಜ್ಜ ನಕ್ಕೇಬಿಟ್ಟರು. ಆಷಾಢದಲ್ಲಿ ಎರಡು-ಮೂರು ದಿನ ಜಡಿದರೆ ಇಲ್ಲಿ ಅಷ್ಟು ಆಗುತ್ತೆ ಅಂತ. ಅದು ಬಡಾಯಿ ಅಲ್ಲ. ಇದೇ ಕಾಡಿನ ಆಮಗಾಂವ್‌ನಲ್ಲಿ 2010ರಲ್ಲಿ 10,068 ಮಿಲಿಮೀಟರ್ ಮಳೆ ದಾಖಲಾಗಿದೆ. ನಮ್ಮೂರಿನ ಲೆಕ್ಕದಲ್ಲಿ ಅದು ಹದಿನೇಳು-ಹದಿನೆಂಟು ವರ್ಷದ ಮಳೆ!

ಆಮೇಲೆ ಅಜ್ಜ ನಗಲಿಲ್ಲ. ಕಾಡಿನೊಳಗೆ ಹತ್ತಕ್ಕೂ ಹೆಚ್ಚು ಊರುಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ರಸ್ತೆ ಇಲ್ಲ, ಕರೆಂಟಿನ ಭರವಸೆ ಇಲ್ಲ, ಫೋನ್ ಹತ್ತಲ್ಲ. 2024ರ ಜುಲೈನಲ್ಲಿ ಆಮಗಾಂವ್‌ನ ಹೆಣ್ಣುಮಗಳೊಬ್ಬಳನ್ನು ಊರವರು ಸುರಿಯೋ ಮಳೆಯಲ್ಲಿ ಕಟ್ಟಿಗೆಯ ಡೋಲಿ ಮಾಡಿ, ಕಾಡಿನ ದಾರಿಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ತಂದ ಸುದ್ದಿಯನ್ನು ನೀವೂ ಓದಿರ್ತೀರಿ. ಅಭಯಾರಣ್ಯ ಆದ್ದರಿಂದ ರಸ್ತೆ ಮಾಡೋದು ಕಷ್ಟ. ರಸ್ತೆ ಆದರೆ ಅದರ ಹಿಂದೆ ರೆಸಾರ್ಟು, ಲಾರಿ, ಕೊಡಲಿ ಬರೋದಿಲ್ಲ ಅಂತ ಹೇಳೋದೂ ಕಷ್ಟ. ಎರಡೂ ನಿಜ. ಕೊನೆಗೆ ಸರ್ಕಾರ ಹಿಡಿದ ದಾರಿ, ಮನಸ್ಸಿದ್ದವರು ಪರಿಹಾರ ತಗೊಂಡು ಹೊರಗೆ ಬನ್ನಿ ಅನ್ನೋದು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಕುಟುಂಬಕ್ಕೆ 15 ಲಕ್ಷದಲ್ಲಿ ಮೊದಲ ಕಂತು 10 ಲಕ್ಷದ ಚೆಕ್ ಕೊಟ್ಟರು.

ಅಜ್ಜನ ಮನೆಯಲ್ಲೂ ಇದೇ ಜಗಳವಂತೆ. ಗೋವಾದಲ್ಲಿ ದುಡಿಯೋ ಮಗ ಹೋಗೋಣ ಅಂತಾನೆ, ಮಕ್ಕಳಿಗೆ ಶಾಲೆ ಬೇಕು. ಅಜ್ಜನಿಗೆ ದೇವರು, ಗದ್ದೆ, ಹೆಂಡತಿಯನ್ನು ಮಣ್ಣು ಮಾಡಿದ ಜಾಗ ಎಲ್ಲ ಇಲ್ಲೇ. "ನಾವು ಹೋದರೆ ನೀರು ಜಾಸ್ತಿ ಬರ್ತದೆ ಅಂತಾರೆ. ಯಾರಿಗೆ?" ಅಂತ ಕೇಳಿದರು. ಮರಾಠಿಯಲ್ಲಿ ಕೇಳಿದ್ದು ಎರಡೇ ಪದ, 'ಕುಣಾಲಾ ಜಾಸ್ತಿ?' ಅಂತ. ಮೂವರೂ ಚಹಾದ ಗ್ಲಾಸು ನೋಡ್ತಾ ಕೂತೆವು.

ವಾಪಸ್ ಬರುವಾಗ ಗೆಳೆಯ ಅಂದ, "ಭೀಮಗಡದ ನೀರು ನಮ್ಮ ಐಗಳಿಗೆ ಒಂದು ಹನೀನೂ ಬರಲ್ಲ ಬಿಡೋ." ನಿಜವೇ. ಮಹದಾಯಿ ಪಶ್ಚಿಮಕ್ಕೆ ಹೋಗ್ತಾಳೆ. ಮಲಪ್ರಭೆ ಕೃಷ್ಣೆಯನ್ನು ಸೇರೋದು ನಮ್ಮನ್ನು ದಾಟಿ ಎಷ್ಟೋ ಕೆಳಗೆ, ಕೂಡಲಸಂಗಮದಲ್ಲಿ. ಆದರೆ ನಮ್ಮ ಕೃಷ್ಣೆ ಎಲ್ಲಿಂದ ಬರ್ತಾಳೆ? ಅದೇ ಸಹ್ಯಾದ್ರಿಯಿಂದ, ಸ್ವಲ್ಪ ಉತ್ತರಕ್ಕೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾವನ್ನು ಕೂಡಿಕೊಂಡು, ಸಾಂಗಲಿ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರಿಸಿಕೊಂಡು ನಮ್ಮ ತಾಲೂಕಿಗೆ ಬರ್ತಾಳೆ. ಕೊಯ್ನಾ ಅಭಯಾರಣ್ಯ, ವಾರಣೆಯ ಚಾಂದೋಲಿ, ಪಂಚಗಂಗೆಯ ಮೇಲ್ಭಾಗದ ರಾಧಾನಗರಿ, ಮೂರೂ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿವೆ. (ನಮ್ಮ ಭೀಮಗಡ ಆ ಪಟ್ಟಿಯಲ್ಲಿಲ್ಲ.) ಅಲ್ಲೂ ಅಣೆಕಟ್ಟಿಗೆ, ಹುಲಿಗೆ ಅಂತ ಊರುಗಳು ಎದ್ದುಹೋಗಿವೆ. ಅವರಲ್ಲೂ ಯಾರೋ ಅಜ್ಜ ಅದೇ ಪ್ರಶ್ನೆ ಕೇಳಿರ್ತಾರೆ. ಆ ಪ್ರಶ್ನೆಗೆ ಉತ್ತರ ನಾವೇ. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಕಬ್ಬಿನವರು.

2019 ನೆನಪಿದೆಯಾ? ಮೇ ತಿಂಗಳಲ್ಲಿ ಕೃಷ್ಣೆ ಒಣಗಿ ಬಂಡೆ ಕಾಣಿಸ್ತಿತ್ತು. ಕೊಯ್ನಾದಿಂದ ನೀರು ಬಿಡಿ ಅಂತ ಮಹಾರಾಷ್ಟ್ರದ ಮುಂದೆ ಕೈ ಚಾಚಿದೆವು. ಮೂರೇ ತಿಂಗಳಿಗೆ, ಆಗಸ್ಟಿನಲ್ಲಿ, ಅದೇ ನದಿ ಸಪ್ತಸಾಗರ, ಹುಲಗಬಾಳಿ, ನದಿಇಂಗಳಗಾಂವದ ಮನೆಗಳೊಳಗೆ ಬಂದು ನಿಂತಿತು. ಬೇಡಿದಾಗ ಬರಲಿಲ್ಲ, ಬೇಡವೆಂದಾಗ ಬಂತು. ಅಷ್ಟು ಮಳೆ ಸುರಿದಾಗ ಪ್ರವಾಹವನ್ನು ಕಾಡೊಂದೇ ತಡೆಯುತ್ತೆ ಅನ್ನೋದು ಸುಳ್ಳು. ಆದರೆ ಒಂದು ತೊಟ್ಟು ಮಳೆ ಎಲೆಗೆ ಬಿದ್ದು, ಕಾಂಡ ಇಳಿದು, ತರಗೆಲೆಯ ಹಾಸಿಗೆಯಲ್ಲಿ ಇಂಗಿ, ತಿಂಗಳುಗಳಾದಮೇಲೆ ಒರತೆಯಾಗಿ ಹೊರಡೋದು ಕಾಡಿರುವಲ್ಲಿ ಮಾತ್ರ. ನವೆಂಬರಿನಲ್ಲಿ ಭೀಮಗಡದ ಹಳ್ಳದಲ್ಲಿ ನಾನು ನೋಡಿದ ತಿಳಿನೀರು ಆಷಾಢದ ಠೇವಣಿಯ ಬಡ್ಡಿ. ಬೋಳುಗುಡ್ಡಕ್ಕೆ ಉಳಿತಾಯ ಖಾತೆ ಇಲ್ಲ, ಬಂದದ್ದು ಅಂದೇ ಖರ್ಚು.

ಇನ್ನು ಮಳೆ? ಜೆನಿನ್ಸನ ನಂಬಿಕೆ ಹುಚ್ಚಲ್ಲ. 2018ರಲ್ಲಿ ಐಐಟಿ ಬಾಂಬೆಯ ಸಂಶೋಧಕರು ಪಶ್ಚಿಮ ಘಟ್ಟದ ಕಾಡು ಎಲೆಗಳಿಂದ ಬಿಡೋ ಆವಿಯ ಲೆಕ್ಕ ಹಾಕಿ, ಘಟ್ಟದ ಹಿಂದಿನ ಮಳೆನೆರಳಿನಲ್ಲಿರೋ ತಮಿಳುನಾಡಿನ ಮುಂಗಾರಿನಲ್ಲಿ ಅದರ ಪಾಲು ದೊಡ್ಡದು ಅಂತ ತೋರಿಸಿದರು. ಮಳೆ ಕಡಿಮೆಯಾದ ದಿನಗಳಲ್ಲಿ ಆ ಪಾಲು ಇನ್ನೂ ಹೆಚ್ಚಂತೆ. ಸಮುದ್ರದಿಂದ ಬಂದ ಮೋಡ ಕೈಕೊಟ್ಟಾಗ ಕಾಡಿನಿಂದ ಎದ್ದ ಮೋಡ ಕೈಹಿಡಿಯುತ್ತೆ ಅಂತಾಯ್ತು.

ಇಷ್ಟೆಲ್ಲ ಸೇರಿಸಿ ನನಗೆ ಅನ್ನಿಸಿದ್ದು ಇಷ್ಟೇ. ಕಾಡಿನೊಳಗಿನವರು ಕಾಡನ್ನು ಉಳಿಸಲಿ ಅಂತ ಬಯಲಿನವರು ಉಪದೇಶ ಮಾಡೋದು ಸುಲಭ. ಪರಿಸರ ದಿನಕ್ಕೆ ಶಾಲೆಯಲ್ಲಿ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳೋದು ಇನ್ನೂ ಸುಲಭ. ಆದರೆ ಕಾಡಿನ ಲಾಭ ಹರಿದು ಬರೋದು ಬಯಲಿಗೆ, ನಷ್ಟ ಉಳಿಯೋದು ಆಮಗಾಂವ್‌ನಲ್ಲಿ. ಟೊಬೇಗೊದ ಕಬ್ಬಿನ ಧಣಿಗಳು ಗುಡ್ಡದ ಋಣವನ್ನಾದರೂ ಒಪ್ಪಿಕೊಂಡಿದ್ದರು, ಮನುಷ್ಯರ ಋಣ ಒಪ್ಪಿಕೊಳ್ಳಲಿಲ್ಲ. ನಾವು ಎರಡನ್ನೂ ಒಪ್ಪಿಕೊಳ್ಳೋಕೆ ಆಗಲ್ವಾ?

ಕೋಸ್ಟಾ ರಿಕಾ ಅನ್ನೋ ಪುಟ್ಟ ದೇಶ 1996ರಲ್ಲಿ ಕಾಯ್ದೆ ಮಾಡಿ, ಪೆಟ್ರೋಲು-ಡೀಸೆಲ್ ಮೇಲಿನ ತೆರಿಗೆಯಲ್ಲಿ ಒಂದು ಪಾಲನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಕೊಡೋಕೆ ಶುರು ಮಾಡಿತು. ಭಿಕ್ಷೆ ಅಲ್ಲ, ನೀರು ಕೊಟ್ಟಿದ್ದಕ್ಕೆ ಕೂಲಿ. ನನ್ನ ತಲೆಯಲ್ಲಿ ಇರೋದೂ ಅಂಥದ್ದೇ. ನಮ್ಮ ಕಬ್ಬಿನ ಬಿಲ್ಲಿನಲ್ಲಿ ಕಟಾವು, ಸಾಗಾಟ ಅಂತ ಏನೇನೋ ಲೆಕ್ಕಗಳಿರ್ತವೆ. ಅದರಲ್ಲಿ ಟನ್ನಿಗೆ ಒಂದು ರೂಪಾಯಿ 'ಕಾಡಿನ ಪಾಲು' ಅಂತ ಇನ್ನೊಂದು ಸಾಲು ಇರಲಿ. ಅದು ಮೇಲಿನ ಕಾಡಿನ ಊರುಗಳಿಗೆ ಹೋಗಲಿ. ಇರ್ತೀವಿ ಅನ್ನೋರಿಗೆ ಮಳೆಗಾಲದಲ್ಲಿ ದಾಟೋಕೆ ಕಾಲುಸಂಕ, ಊರಲ್ಲೇ ಒಬ್ಬ ನರ್ಸು. ಹೋಗ್ತೀವಿ ಅನ್ನೋರಿಗೆ ಚೆಕ್ಕಿನ ಜೊತೆ ಮರ್ಯಾದೆಯ ಒಂದು ಮನೆ, ಒಂದಿಷ್ಟು ನೆಲ.

ಕಾಕಾಗೆ ಇದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೂಪಾಯಿ ಏನ ದೊಡ್ಡದಲ್ಲಪಾ, ಕೊಡೋಣಂತ. ಆದ್ರ ಅದು ಆ ಮುದುಕನ ಕೈಗೆ ಮುಟ್ಟತೈತೇನ?" ಅಂದರು. ಎಪ್ಪತ್ತು ದಾಟಿದ ರೈತನ ಪ್ರಶ್ನೆ, ತಳ್ಳಿಹಾಕೋ ಹಾಗಿಲ್ಲ. ಮುಟ್ಟಿಸೋದು ಹೇಗೆ ಅನ್ನೋದೇ ಮುಂದಿನ ಕೆಲಸ. ಕೊಡೋಣ ಅಂದರಲ್ಲ, ನನಗೆ ಸದ್ಯಕ್ಕೆ ಅಷ್ಟು ಸಾಕು.

ನೀವೂ ಒಮ್ಮೆ ಲೆಕ್ಕ ಹಾಕಿ ನೋಡಿ. ನಿಮ್ಮ ನಲ್ಲಿಯ ನೀರು ಯಾವ ನದಿಯದು, ಆ ನದಿ ಯಾವ ಕಾಡಿನದು, ಆ ಕಾಡಿನಲ್ಲಿ ಯಾವ ಊರಿದೆ? ಮೈಸೂರು-ಬೆಂಗಳೂರಿನವರು ತಲಕಾವೇರಿಯತ್ತ ನೋಡಿ, ಮಂಗಳೂರಿನವರು ನೇತ್ರಾವತಿ ಹುಟ್ಟೋ ಗುಡ್ಡಗಳತ್ತ, ಶಿವಮೊಗ್ಗದವರು ತುಂಗೆ ಹುಟ್ಟೋ ಕುದುರೆಮುಖದತ್ತ. ಗೊತ್ತಾದರೆ ಕೆಳಗೆ ಕಾಮೆಂಟಿನಲ್ಲಿ ಬರೀರಿ. ಆ ಊರಿನ ಹೆಸರಾದರೂ ನಮಗೆ ಗೊತ್ತಿರಲಿ.